‘ನಡುರಸ್ತೆಯಲ್ಲಿ ನೇಣಿಗೆ ಹಾಕಿದರೆ ಅಪರಾಧ ನಿಲ್ಲುತ್ತದೆ’: ಈ ಫಾರ್ವರ್ಡ್ ಎಷ್ಟು ನಿಜ?

ಎಲ್ಲೋ ಒಂದು ಕ್ರೂರ ಅಪರಾಧ ನಡೆದ ಸುದ್ದಿ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡಲು ಶುರುವಾಗುತ್ತದೆ: ‘ಒಬ್ಬನನ್ನು ನಡುರಸ್ತೆಯಲ್ಲಿ ನೇಣಿಗೆ ಹಾಕಿ, ಇನ್ನೊಬ್ಬ ಆ ಕೆಲಸಕ್ಕೆ ಕೈ ಹಾಕಲ್ಲ.’ ಸಿಟ್ಟು ಸಹಜ. ಆದರೆ ಶಿಕ್ಷೆ ಹೆಚ್ಚಿಸಿದಷ್ಟೂ ಅಪರಾಧ ಕಡಿಮೆಯಾಗುತ್ತದೆ ಎಂಬ ಲೆಕ್ಕ ಸರಿಯೇ? ನೋಡೋಣ.

ಹೆಲ್ಮೆಟ್ ಹೇಳುವ ಪಾಠ

ರಾಮಗಿರಿಯಿಂದ ಹೊಳಲ್ಕೆರೆಗೆ ಬೈಕಿನಲ್ಲಿ ಹೋಗುವಾಗ ಎದುರು ಬಂದವರು ‘ಮುಂದೆ ಪೊಲೀಸ್ ಇದಾರೆ’ ಎಂದು ಕೈಸನ್ನೆ ಮಾಡಿದರೆ ಏನಾಗುತ್ತದೆ? ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ ತಲೆಗೇರುತ್ತದೆ. ಪೊಲೀಸರನ್ನು ದಾಟಿದ ಮೇಲೆ ಮತ್ತೆ ಟ್ಯಾಂಕಿಗೆ ಇಳಿಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಹೆಲ್ಮೆಟ್ ದಂಡವನ್ನು 1,000 ರೂಪಾಯಿಗೆ ಏರಿಸಿತು, ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಈ ಮೊತ್ತ ಎಷ್ಟೇ ಇರಲಿ, ಹೆಲ್ಮೆಟ್ ಹಾಕಿಸುವುದು ‘ಈಗ ಸಿಕ್ಕಿಬೀಳುತ್ತೇನೆ’ ಎಂಬ ಖಾತ್ರಿ.

ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಇದನ್ನು ಹೇಳಿದ್ದ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2014ರಲ್ಲಿ ಹತ್ತಾರು ಅಧ್ಯಯನಗಳನ್ನು ಪರಿಶೀಲಿಸಿ, ಜೈಲುವಾಸದ ಅವಧಿಯನ್ನು ಇನ್ನಷ್ಟು ಉದ್ದ ಮಾಡುವುದರಿಂದ ಅಪರಾಧ ತಡೆಗೆ ಸಿಗುವ ಲಾಭ ತೀರಾ ಕಡಿಮೆ ಎಂದಿತು. ಮರಣದಂಡನೆಗೆ ಜೀವಾವಧಿಗಿಂತ ಹೆಚ್ಚು ಭಯ ಹುಟ್ಟಿಸುವ ಶಕ್ತಿ ಇದೆ ಎನ್ನಲು ಆಧಾರವಿಲ್ಲ ಎಂದು ನಮ್ಮ ಕಾನೂನು ಆಯೋಗವೂ 2015ರ ವರದಿಯಲ್ಲಿ ಹೇಳಿದೆ. ಕುಡಿದ ಅಮಲಿನಲ್ಲೋ ಸಿಟ್ಟಿನ ಭರದಲ್ಲೋ ಕೈ ಎತ್ತುವವನು ಹತ್ತು ವರ್ಷವೋ ಹದಿನಾಲ್ಕು ವರ್ಷವೋ ಎಂದು ಲೆಕ್ಕ ಹಾಕುವುದಿಲ್ಲ. ಯೋಚಿಸಿ ಮಾಡುವವನು ತಾನು ಸಿಕ್ಕಿಬೀಳುವುದೇ ಇಲ್ಲ ಎಂದುಕೊಂಡಿರುತ್ತಾನೆ.

ಕಾನೂನು ಕಠಿಣವಾಗೇ ಇತ್ತು

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಪರಿಶಿಷ್ಟರ ಮನೆಗೆ ಬೆಂಕಿ ಹಚ್ಚಿದರೆ ಜೀವಾವಧಿ ಶಿಕ್ಷೆ ಎಂದು 1989ರ ದೌರ್ಜನ್ಯ ತಡೆ ಕಾಯ್ದೆಯೇ ಹೇಳುತ್ತದೆ. ಆದರೂ 2000ದ ಮಾರ್ಚ್‌ನಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆಯಾಯಿತು, ಆದರೆ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಅಂದರೆ ಹತ್ತು ವರ್ಷ ಬೇಕಾಯಿತು. ಮುಂದಿನ ತಿಂಗಳೇ ಹೈಕೋರ್ಟ್ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ನೀಡಿತು.

ಪುಸ್ತಕದಲ್ಲಿ ಎಷ್ಟೇ ದೊಡ್ಡ ಶಿಕ್ಷೆ ಬರೆದಿದ್ದರೂ ಅದು ತಲುಪುವುದು ಅನುಮಾನವಾದರೆ ಭಯ ಹುಟ್ಟುವುದಿಲ್ಲ. 2022ರಲ್ಲಿ ದೇಶದಲ್ಲಿ ವಿಚಾರಣೆ ಮುಗಿದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 27ರಲ್ಲಿ ಮಾತ್ರ ಶಿಕ್ಷೆಯಾಗಿದೆ. 2013 ಮತ್ತು 2018ರಲ್ಲಿ ಕಾನೂನು ಬಿಗಿ ಮಾಡಿದ ನಂತರದ ಲೆಕ್ಕ ಇದು.

ಜೈಲಿಂದ ಬಂದವರು ಬದಲಾಗುತ್ತಾರೆಯೇ?

2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು 116 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಜೈಲಿಗೆ ಹೋಗಿ ಬಂದವರು ಮತ್ತೆ ತಪ್ಪು ಮಾಡುವುದು ಜೈಲಿಲ್ಲದ ಶಿಕ್ಷೆ ಪಡೆದವರಿಗಿಂತ ಕಡಿಮೆ ಇರಲಿಲ್ಲ, ತುಸು ಹೆಚ್ಚೇ ಇತ್ತು. ಕೆಲಸ, ಮದುವೆ, ಊರಿನ ನಂಟು ಎಲ್ಲ ಕಳೆದುಕೊಂಡು ಹೊರಬಂದವನಿಗೆ ಹಳೇ ದಾರಿಯೇ ಹತ್ತಿರ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಮೊದಲ ಬಾರಿ ಮಾಡಿದ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವಿಗೆ, ವಸ್ತು ವಾಪಸ್ ಕೊಟ್ಟರೆ, ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ಸೇರಿಸಿರುವುದು ಇದಕ್ಕೆ ಹೊಂದುವ ಹೆಜ್ಜೆ.

ಹಾಗಾದರೆ ಶಿಕ್ಷೆ ಬೇಡವೇ?

ಬೇಕು. ಅಪಾಯಕಾರಿ ವ್ಯಕ್ತಿ ಒಳಗಿರುವಷ್ಟು ಕಾಲ ಹೊರಗಿನವರು ಸುರಕ್ಷಿತ. ನೊಂದವರಿಗೆ ನ್ಯಾಯ ಸಿಗಬೇಕು. ನಾವು ಹೇಳುತ್ತಿರುವುದು ಇಷ್ಟೇ: ಶಿಕ್ಷೆಯನ್ನು ಉದ್ದ ಮಾಡುವುದಕ್ಕಿಂತ ಅದು ತಪ್ಪದೇ, ಬೇಗ ಆಗುವಂತೆ ಮಾಡುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಅದಕ್ಕೆ ಒಳ್ಳೆಯ ತನಿಖೆ, ಸಾಕ್ಷಿಗಳಿಗೆ ರಕ್ಷಣೆ, ಸಾಕಷ್ಟು ನ್ಯಾಯಾಧೀಶರು ಬೇಕು.

‘ನೇಣಿಗೆ ಹಾಕಿ’ ಎಂಬ ಸಂದೇಶ ಮತ್ತೆ ನಿಮ್ಮ ಫೋನಿಗೆ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿ: ‘ಹೋದ ಸಲ ಇದೇ ಥರ ಆಯ್ತಲ್ಲ, ಆ ಕೇಸು ಈಗ ಎಲ್ಲಿಗೆ ಬಂತು?’