ಬಗೆಯೋ, ಭಾಗವೋ?

ಈ ಶಾಲೆಯಲ್ಲಿ ವ್ಯಾಕರಣ ಬೋಧಿಸುವಾಗ ನಾನು ಕೇಳುತ್ತಿದ್ದೆ: ಬೇವು ಮರದ ಒಂದು ಬಗೆ, ಕೊಂಬೆಯೂ ಹಾಗೆಯೇ? ಹಿಂದೂಪುರದ ಮಕ್ಕಳು ನಗುತ್ತಿದ್ದರು. "ಕೊಂಬೆ ಮರದ ಭಾಗ, ಸಾರ್."

ಇಲ್ಲಿಯೇ ದೊಡ್ಡ ವಿದ್ವಾಂಸರೂ ಎಡವಿದ್ದಾರೆ. ಆಸ್ಪತ್ರೆಯ ಗಣಕಯಂತ್ರಗಳಿಗಾಗಿ ರೋಗ, ಅಂಗ, ಶಸ್ತ್ರಚಿಕಿತ್ಸೆಗಳನ್ನು ವಂಶವೃಕ್ಷದಂತೆ ಜೋಡಿಸಿದ 'ಸ್ನೊಮೆಡ್ ಸಿಟಿ' ಎಂಬ ಪದಜಾಲವಿದೆ. ಭಾರತವು 2014ರಲ್ಲಿ ಅದರ ಸದಸ್ಯತ್ವ ಪಡೆಯಿತು. ಅದರಲ್ಲಿ ಕಾಲ್ಬೆರಳು ಕತ್ತರಿಸುವುದನ್ನು ಪಾದ ಕತ್ತರಿಸುವುದರ ಒಂದು ಬಗೆಯೆಂದು ಇರಿಸಿದ್ದುದನ್ನು ವಿಮರ್ಶಕರು ಎತ್ತಿ ತೋರಿಸಿದರು. ಹಾಗಿದ್ದಲ್ಲಿ, ಪಾದ ಕಳೆದುಕೊಂಡವರನ್ನು ಎಣಿಸೆಂದರೆ ಯಂತ್ರವು ಬೆರಳು ಕಳೆದುಕೊಂಡವರನ್ನೂ ಸೇರಿಸಿಬಿಡುತ್ತದೆ. ಕಲ್ಯಾಣದುರ್ಗದ ನನ್ನ ಶಿಷ್ಯನೊಬ್ಬ ಸಕ್ಕರೆ ಕಾಯಿಲೆಯಿಂದ ಒಂದು ಬೆರಳು ಕಳೆದುಕೊಂಡ. ಇಂದಿಗೂ ಶೇಂಗಾ ಹೊಲಕ್ಕೆ ನಡೆದೇ ಹೋಗುತ್ತಾನೆ. ಪಾದವಿಲ್ಲದವರ ಸಾಲಿನಲ್ಲಿ ಅವನಿಗೇನು ಕೆಲಸ?

ಮೂರೂವರೆ ಲಕ್ಷಕ್ಕೂ ಮಿಕ್ಕ ಪರಿಕಲ್ಪನೆಗಳಿವೆಯೆಂಬ ಹೊಗಳಿಕೆಗೆ ನಾನು ಅಂಕ ಕೊಡಲಾರೆ. ಒಂದನ್ನೊಂದಕ್ಕೆ ಕೂಡಿಸುವ ಪ್ರತಿ ಗೆರೆಯನ್ನೂ ಪರೀಕ್ಷಿಸಿ ಕೊಡಬೇಕು.

ರೋಗವೊಂದನ್ನು ಬೇರೆ ಅಧ್ಯಾಯಕ್ಕೆ ಸಾಗಿಸುವುದಕ್ಕೆ ಮಾತ್ರ ನನ್ನ ಆಕ್ಷೇಪವಿಲ್ಲ. ಲಕ್ವ ಹೊಡೆಸುವ ಮೆದುಳಿನ ಆಘಾತವು ಹಿಂದೆ ರಕ್ತಪರಿಚಲನೆಯ ರೋಗಗಳಲ್ಲಿತ್ತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗಪಟ್ಟಿಯಲ್ಲಿ ನರಮಂಡಲಕ್ಕೆ ಸೇರಿತು. ಅದೇ ವರ್ಷ ನಮ್ಮ ಹಿಂದೂಪುರವೂ ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಷ್ಟೆ.