ಮಳೆ ಓಡಿಸಿದ್ದು ಫ್ಯಾನಾ?

ಬರದ ವರ್ಷ ಹರಪನಹಳ್ಳಿ, ಹಡಗಲಿ, ಕೊಟ್ಟೂರಿನ ಯಾವ ಚಹಾದಂಗಡಿಯಲ್ಲಿ ಕೂತರೂ ಎರಡು ಮಾತು ಕಿವಿಗೆ ಬೀಳುತ್ತವೆ. ‘ಬರ ನಮಗೇನು ಹೊಸದಾ? ಮುತ್ತಾತನ ಕಾಲದಿಂದ ಐತಿ. ಮನುಷ್ಯನ ಕೈಯಾಗ ಏನೈತಿ?’ ಎಂಬುದು ಒಂದು. ‘ಗುಡ್ಡದ ಮ್ಯಾಲೆ ಫ್ಯಾನ್ ನಿಲ್ಸಿದಾಗಿಂದ ಮೋಡ ನಿಲ್ಲಂಗಿಲ್ಲ ನೋಡ್ರಿ’ ಎಂಬುದು ಇನ್ನೊಂದು. ಫ್ಯಾನ್ ಎಂದರೆ ಗಾಳಿಯಿಂದ ವಿದ್ಯುತ್ ಮಾಡುವ ಯಂತ್ರ. ಎಷ್ಟೋ ಸಲ ಎರಡನ್ನೂ ಒಬ್ಬರೇ ಹೇಳುತ್ತಾರೆ. ಮನುಷ್ಯನ ಕೈಯಲ್ಲಿ ಏನೂ ಇಲ್ಲವೆಂದ ಮೇಲೆ, ಅವನು ನಿಲ್ಲಿಸಿದ ಫ್ಯಾನು ಮೋಡ ಓಡಿಸುವುದು ಹೇಗೆ?

ಮೊದಲ ಮಾತಿನಲ್ಲಿ ಸತ್ಯವಿದೆ. ಈ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1876–78ರ ಮಹಾಕ್ಷಾಮ ಊರೂರನ್ನೇ ಬರಿದು ಮಾಡಿತ್ತು. ಪೆಸಿಫಿಕ್ ಸಾಗರ ಕಾದು ನಮ್ಮ ಮುಂಗಾರು ಕೆಡುವ ಎಲ್ ನಿನೊ ಅದರ ಹಿಂದಿತ್ತು. ಆದರೆ ಹಿಂದೊಮ್ಮೆ ಸಿಡಿಲಿಗೆ ಬಣವೆ ಸುಟ್ಟಿತ್ತು ಎಂದು ಇವತ್ತು ಬೀಡಿ ಎಸೆದವನನ್ನು ಬಿಟ್ಟುಬಿಡುತ್ತೇವೆಯೇ? ಕೈಗಾರಿಕೆಗಳು ತಲೆಯೆತ್ತುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈ ಆಕ್ಸೈಡ್ ಈಗ 420 ದಾಟಿದೆ; ಅದು ಭೂಮಿಯ ಬಿಸಿಯನ್ನು ಹಿಡಿದಿಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚು. ಬಾರದಿದ್ದರೆ ಹೊಲದ ಹಸಿ ಬೇಗ ಆರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆ ಒಂದು ಬರವನ್ನು ಪೂರ್ತಿಯಾಗಿ ಭೂಮಿಯ ಬಿಸಿಗೇ ಕಟ್ಟಲಾಗದು, ನಿಜ. ಹಳೆಯ ಬರಕ್ಕೆ ಹೊಸ ಬಿಸಿ ಸೇರಿದೆ ಎಂಬುದಷ್ಟೇ ವಾದ.

ಫ್ಯಾನಿನ ಮಾತು ತಪ್ಪು. ಮುಂಗಾರಿನ ತೇವ ಬರುವುದು ಸಾವಿರಾರು ಕಿಲೋಮೀಟರ್ ಆಚೆಯ ಕಡಲಿನಿಂದ. ಅದರ ಬಹುಪಾಲನ್ನು ಪಶ್ಚಿಮಘಟ್ಟವೇ ಇಳಿಸಿಕೊಳ್ಳುತ್ತದೆ. ನಾವಿರುವುದು ಅದರ ಮಳೆನೆರಳಿನಲ್ಲಿ. ಫ್ಯಾನಿಗಾಗಿ ಗುಡ್ಡ ಕಡಿದು ರಸ್ತೆ ಮಾಡಿದರು, ದನ ಮೇಯುವ ಜಾಗ ಹೋಯಿತು ಎಂಬ ಸಿಟ್ಟು ಮಾತ್ರ ನ್ಯಾಯವಾದದ್ದೇ. ಆದರೂ ಫ್ಯಾನನ್ನು ಬೈಯುವವರು ಒಂದು ದೊಡ್ಡ ಮಾತನ್ನು ಒಪ್ಪಿದ್ದಾರೆ: ಮನುಷ್ಯನ ಯಂತ್ರ ಆಕಾಶವನ್ನು ಕೆಡಿಸಬಲ್ಲದು. ಯಂತ್ರ ಯಾವುದೆಂಬುದು ತಪ್ಪಿದೆ, ಅಷ್ಟೇ. ಹೊಗೆ ಉಗುಳುವುದು ಫ್ಯಾನಲ್ಲ. ಬಳ್ಳಾರಿ ಪಕ್ಕದ ಕುಡತಿನಿಯಲ್ಲಿರುವ 1,700 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ, ಅಂಥ ಸಾವಿರಾರು ಸ್ಥಾವರಗಳು, ನಮ್ಮ ನಿಮ್ಮ ಗಾಡಿಗಳು.

ಮನುಷ್ಯ ಪ್ರಕೃತಿಯನ್ನು ಬದಲಿಸಲಾರ ಎನ್ನುವವರು ತುಂಗಭದ್ರಾ ಹಿನ್ನೀರಿಗೆ ಬರಲಿ. 133 ಟಿಎಂಸಿ ಅಡಿ ಹಿಡಿಯಬೇಕಿದ್ದ ಜಲಾಶಯಕ್ಕೆ ಹೂಳು ತುಂಬಿ ಈಗ ಸುಮಾರು 105 ಉಳಿದಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವನ್ನೂ ನೋಡಲಿ. ಹಿಂದಿನವರು ಬೇಸಾಯಕ್ಕೆಂದು ಕಟ್ಟಿದ 244 ಎಕರೆಯ ಕೆರೆಯ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಕೆಡಿಸುವುದೂ ಕಟ್ಟುವುದೂ ಇದೇ ಕೈ.

ಅನುಮಾನ ಪಡುವವರನ್ನು ದಡ್ಡರೆಂದು ತಳ್ಳಿದರೆ ವಾದ ಮುಗಿಯುವುದಿಲ್ಲ. ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ವ್ಯವಸ್ಥೆ ರಾಜ್ಯದಲ್ಲಿದೆ. ಅದರ ಲೆಕ್ಕ ಊರಿನವರ ಕಣ್ಣಿಗೆ ಬೀಳಬೇಕು. ಆರಿದ್ರೆಗೆ ಎಷ್ಟು ಬಿತ್ತು, ನಡುವೆ ಎಷ್ಟು ದಿನ ಒಣಗಿತು, ಕೆರೆಯಲ್ಲಿ ನೀರೆಷ್ಟು, ಹೊಸ ಬೋರು ಎಷ್ಟು ಅಡಿಗೆ ಹೋಯಿತು ಎಂದು ಕೂಡ್ಲಿಗಿಯಿಂದ ಹಡಗಲಿವರೆಗೆ ಪ್ರತಿ ಪಂಚಾಯಿತಿಯ ಗೋಡೆಯ ಮೇಲೂ ಬರೆಯಲಿ. ಹತ್ತು ವರ್ಷದ ಲೆಕ್ಕ ಎದುರಿಗಿಟ್ಟುಕೊಂಡು ಜಗಳವಾಡೋಣ. ಗ್ರಾಮಸಭೆಯಲ್ಲಿ ಅದಕ್ಕಿಂತ ಒಳ್ಳೆಯ ಜಗಳ ಬೇಕಿಲ್ಲ.