ಬೋರ್ಡಿಗೆ ಬಣ್ಣ ಬಳಿದರೆ ಸಾಕೇ?

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಆಸ್ಪತ್ರೆ ಬೋರ್ಡುಗಳನ್ನು ಓದುತ್ತಾ ಹೋಗಿ. 2024ರಲ್ಲಿ ಸರ್ಕಾರ ಅಪ್ಪಣೆ ಹೊರಡಿಸಿತು: ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು, ಜೊತೆಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಸಂಖ್ಯೆ. ನಕಲಿ ಡಾಕ್ಟರರನ್ನು ಹಿಡಿಯಲಿಕ್ಕಂತೆ. ಹಿಡಿಯಲಿ. ಆದರೆ ಕಣ್ಣಿನ ಪೊರೆ ತೆಗೆಸಲು ಜಗಳೂರಿನಿಂದ ಬಸ್ಸಿಳಿದ ಮುದುಕನಿಗೆ ಆ ಸಂಖ್ಯೆ ಏನು ಹೇಳುತ್ತದೆ? ಒಳಗೆ ಕತ್ತಿ ಹಿಡಿಯಲು ಪರವಾನಗಿ ಇದೆಯೋ, ಬರೀ ಚೀಟಿ ಬರೆಯಲು ಇದೆಯೋ?

ಡೇ ಕೇರ್ ಅನ್ನುತ್ತಾರೆ. ಬೆಳಿಗ್ಗೆ ಮಲಗಿಸಿ ಕೊಯ್ದು, ಸಂಜೆಗೆ ಮನೆಗೆ ಕಳಿಸುವುದು. ಪೊರೆ, ಹರ್ನಿಯಾ, ಮೂಲವ್ಯಾಧಿ ಎಲ್ಲಾ ಈಗ ಹೀಗೇ. ನನಗೇನೂ ತಕರಾರಿಲ್ಲ, ರೂಮಿನ ಬಾಡಿಗೆ ಉಳಿದರೆ ಮಂಡಕ್ಕಿ ಭಟ್ಟಿಯ ಕೂಲಿಯವನಿಗೂ ಒಳ್ಳೆಯದೇ. ನನ್ನ ಸಿಟ್ಟು ರಾತ್ರಿಯ ಬಗ್ಗೆ. ಹೊಲಿಗೆ ಬಿಚ್ಚಿ ರಕ್ತ ಬರುವುದು ರಾತ್ರಿ ಹನ್ನೊಂದಕ್ಕೆ, ಜಗಳೂರಿನ ಆಚೆಯ ಹಳ್ಳಿಯಲ್ಲಿ. ಆಗ ಫೋನ್ ಎತ್ತುವವರು ಯಾರು? ಹಾಸಿಗೆ ಉಳಿಸಿದ ಲಾಭ ಆಸ್ಪತ್ರೆಗೆ, ಆ ರಾತ್ರಿ ರೋಗಿಗೆ!

ಪರವಾನಗಿಯನ್ನು ಯಾರಾದರೂ ನೋಡುವುದು ಸಾವಿನ ಬಳಿಕವೇ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡರು. ವಯಸ್ಸು 21. ಆರೋಗ್ಯ ಇಲಾಖೆ ನೋಟಿಸ್ ಹಿಡಿದು ಹೊರಟಿದ್ದು ಆಮೇಲೆ. ಸತ್ತವಳು ನಟಿ, ಕ್ಯಾಮೆರಾಗಳು ಬಂದವು. ಹರಿಹರದ ಗಿರಣಿ ಕಾರ್ಮಿಕನ ಹೆಂಡತಿ ಸತ್ತರೆ ಯಾವ ಕ್ಯಾಮೆರಾ ಬರುತ್ತೆ?

ಆ ನೋಂದಣಿ ಸಂಖ್ಯೆಯ ಹಿಂದಿರುವ ಕಾಯ್ದೆಗೆ ಹಲ್ಲು ಕಟ್ಟಲು ಹೋದದ್ದೂ ಉಂಟು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದದ್ದು 2007ರಲ್ಲಿ. ಹತ್ತು ವರ್ಷದ ಮೇಲೆ ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಿದ್ದುಪಡಿ ತಂದರು: ದರಕ್ಕೆ ಮಿತಿ, ಮೀರಿದವರಿಗೆ ಜೈಲು, ರೋಗಿಯ ದೂರು ಕೇಳಲು ಜಿಲ್ಲೆಗೊಂದು ಸಮಿತಿ. 2017ರ ನವೆಂಬರಿನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೇ, ಖಾಸಗಿ ವೈದ್ಯರು ಬೀದಿಗಿಳಿದರು, ಹೊರರೋಗಿ ವಿಭಾಗಗಳಿಗೆ ಬೀಗ ಬಿತ್ತು. ಸರ್ಕಾರ ಬಾಗಿತು. ದರ ಮಿತಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಜೈಲಿನ ಮಾತು ಹಾರಿಹೋಯಿತು. ದೂರು ಕೇಳುವ ಕೆಲಸ, ನೋಂದಣಿ ಮಾಡುವ ಪ್ರಾಧಿಕಾರಕ್ಕೇ ಸೇರಿತು. ಪರವಾನಗಿ ಕೊಟ್ಟವರೇ ಆಸ್ಪತ್ರೆಯ ತಪ್ಪನ್ನೂ ವಿಚಾರಿಸಬೇಕು! ಅಲ್ಲಿ ವೈದ್ಯರ ಸಂಘಕ್ಕೂ ಕುರ್ಚಿ ಇದೆ. ಹೆಣ ಒತ್ತೆ ಇಟ್ಟುಕೊಂಡು ಬಿಲ್ ವಸೂಲಿ ಮಾಡಬಾರದು ಎಂಬ ಮಾತೇನೋ ಉಳಿಯಿತು. ಅದಕ್ಕೂ ಕಾನೂನು ಬೇಕಾಯಿತಲ್ಲ, ಥೂ.

ವೈದ್ಯರ ಸಂಘ ಆವತ್ತು ಕೇಳಿದ್ದರಲ್ಲಿ ಒಂದು ಪ್ರಶ್ನೆ ನ್ಯಾಯದ್ದೇ: ಸರ್ಕಾರಿ ಆಸ್ಪತ್ರೆ ಯಾಕೆ ಕಾಯ್ದೆಯ ಹೊರಗೆ? 2019ರಲ್ಲಿ ಬೆಂಗಳೂರಿನ ಮಿಂಟೋ ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರ ಕಣ್ಣೇ ಹೋಯಿತು. ಕೆಪಿಎಂಇಯ ಬೇಲಿ ಅಲ್ಲಿಗೆ ಮುಟ್ಟುವುದಿಲ್ಲ.

ಹಾಗಾಗಿ ದಾವಣಗೆರೆಯ ಜಿಲ್ಲಾಧಿಕಾರಿಗಳೇ, ಪ್ರಾಧಿಕಾರದ ಅಧ್ಯಕ್ಷರು ನೀವೇ. ಆ ನೀಲಿ ಬೋರ್ಡಿನ ಮೇಲೆ ಎರಡು ಸಾಲು ಹೆಚ್ಚಿಗೆ ಬರೆಸಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ. ಇಲ್ಲಿ ಯಾವ ಯಾವ ಆಪರೇಷನ್‌ಗೆ ಅನುಮತಿ ಇದೆ. ರಾತ್ರಿ ತೊಂದರೆಯಾದರೆ ಯಾವ ಆಸ್ಪತ್ರೆ ಸೇರಿಸಿಕೊಳ್ಳುತ್ತದೆ, ಖರ್ಚು ಯಾರದು. ಸರ್ಕಾರದ್ದೇ ಆದ ಚಿಗಟೇರಿ ಜಿಲ್ಲಾಸ್ಪತ್ರೆಯ ಗೋಡೆಯಿಂದಲೇ ಶುರು ಮಾಡಿ. ಅಲ್ಲಿ ತಡೆಯಲಿಕ್ಕೆ ಯಾವ ಸಂಘವೂ ಬೆಳಗಾವಿಗೆ ಹೋಗುವುದಿಲ್ಲ.